ಮಿಕ್ಸರಿಗೆ ಬರೀ ಕುಂಕುಮ ಸಾಲದು

ಖಂಡೇ ನವಮಿ ಬಂತೆಂದರೆ ಎಲ್ಲರೂ ಮಿಕ್ಸರ್ ಒರೆಸಿ, ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿ ಕೈ ಮುಗಿಯುತ್ತೀರಿ. ಫ್ರಿಜ್ಜಿಗೂ ಒಂದು ಬೊಟ್ಟು, ವಾಷಿಂಗ್ ಮಷಿನ್ನಿಗೂ ಒಂದು ಬೊಟ್ಟು. ಒಳ್ಳೆಯದೇ. ನಮಗಾಗಿ ದುಡಿಯುವ ಸಾಮಾನಿಗೆ ವರ್ಷಕ್ಕೊಮ್ಮೆಯಾದರೂ ಶರಣು ಅನ್ನಬೇಕು. ಆದರೆ ಎಳ್ಳ ಅಮಾವಾಸ್ಯೆ ಬರುವ ಹೊತ್ತಿಗೆ ಅದೇ ಮಿಕ್ಸರಿನ ಜಾರಿಗೆ ಕಂಠದವರೆಗೆ ಶೇಂಗಾ ತುಂಬಿ, ಮೂರನೇ ನಂಬರಿಗೆ ತಿರುಗಿಸಿ, ಫೋನ್ ಹಿಡಿದು ಆಚೆ ಹೋಗುತ್ತೀರಲ್ಲ, ಅದನ್ನು ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕುಂಕುಮದ ಮಾತು ಬಂತು, ಹೇಳಿಬಿಡುತ್ತೇನೆ. ಬದಿಗೆ ಒಂದು ಬೊಟ್ಟು ಇಟ್ಟರೆ ಸಾಕು. ಸೀಳು ಸೀಳಾಗಿ ಕಿಂಡಿ ಇರುವ ಕಡೆ ಪುಡಿ ಉದುರಿಸಬೇಡಿ, ನೀರು ಚಿಮುಕಿಸಬೇಡಿ. ಮೋಟರಿಗೆ ಗಾಳಿ ಹೋಗುವ ದಾರಿ ಅದು. ಇನ್ನು ಕೆಲವರು ಕಟ್ಟೆಗೆ ಗೀರು ಬೀಳಬಾರದೆಂದು ಮಿಕ್ಸರ್ ಕೆಳಗೆ ದಪ್ಪ ಟವೆಲ್ ಹಾಸುತ್ತಾರೆ. ತಳದ ಕಿಂಡಿ ಮುಚ್ಚಿಕೊಂಡು ಅದು ಒಳಗೊಳಗೇ ಬೇಯುತ್ತದೆ. ಕಟ್ಟೆಯ ಮೇಲಿನ ಕಾಳಜಿ ಮಿಕ್ಸರಿನ ಮೇಲೂ ಇರಲಿ.

ಒಳಕಲ್ಲಿನಲ್ಲಿ ಕುಟ್ಟಿದ ಹಿಂಡಿಯ, ಅಂದರೆ ಚಟ್ನಿಪುಡಿಯ, ರುಚಿ ಮಿಕ್ಸರಿನಲ್ಲಿ ಎಲ್ಲಿ ಬರುತ್ತದೆ ಎಂದು ಉಂಡು ಕೈ ತೊಳೆದವರು ಹೇಳುತ್ತಾರೆ. ಜಾಸ್ತಿ ಗಂಡಸರೇ. ಅವರ ಕೈಗೆ ಒನಕೆ ಕೊಟ್ಟು ಒಂದು ಬೋಗುಣಿ ಶೇಂಗಾ ಕುಟ್ಟಿಸಿ ನೋಡಿ, ಆಮೇಲೆ ಮಾತೇ ಬರುವುದಿಲ್ಲ. ನಮ್ಮ ಅವ್ವ ಕೋಳಿ ಕೂಗುವ ಮೊದಲೇ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದಳು. ಜೋಳ ಬೀಸಿ ಮುಗಿದರೆ ಒಳಕಲ್ಲು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಅಲ್ಲೇ ಗಂಟುಗಟ್ಟಿದ್ದವು. ತಲೆ ಸವರಿದರೆ ನಮ್ಮ ಕೂದಲು ಅವಳ ಅಂಗೈಗೆ ಸಿಕ್ಕಿಕೊಂಡು ಚುರ್ ಅನ್ನುತ್ತಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಆಕೆ ಗಿರಣಿಯ ಕಟ್ಟೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಿದ್ದು ನೆನಪಿದೆ. ಮಿಕ್ಸರ್ ಕಂಡದ್ದು ನನ್ನ ಕಾಲಕ್ಕೆ. ಮೊದಲು ಮನೆಗೆ ಬಂದದ್ದು ಸುಮಿತ್. 1960ರ ದಶಕದಲ್ಲಿ ಸತ್ಯಪ್ರಕಾಶ ಮಾಥುರ್ ಎಂಬ ಎಂಜಿನಿಯರ್ ಅದನ್ನು ತಯಾರಿಸಿದ್ದು, ಅವರ ಹೆಂಡತಿಯ ವಿದೇಶಿ ಮಿಕ್ಸರ್ ನಮ್ಮ ಅಡುಗೆಯ ಭಾರ ತಾಳದೆ ಕೆಟ್ಟಿದ್ದಕ್ಕಂತೆ. ಹೆಂಡತಿಯ ಕಷ್ಟ ನೋಡಿ ಸುಮ್ನೆ ಕೂರದ ಗಂಡ. ಅವರಿಗೂ ಒಂದು ಶರಣು.

ಹೋದ ಭೋಗಿ ಹಬ್ಬದ ಹಿಂದಿನ ದಿನ ಪಕ್ಕದ ಮನೆಯ ಸೊಸೆ ಓಡಿಬಂದಳು. "ದೊಡ್ಡವ್ವಾರ, ಮಿಕ್ಸರ್ ಸುಟ್ಟs ಹೋತ್ರಿ! ನಾಳೆ ಹಬ್ಬ, ಈಗ ಹೊಸಾದು ತರಬೇಕೇನ್ರಿ?" ಹೋಗಿ ನೋಡಿದೆ. ಸುಟ್ಟ ವಾಸನೆ ಏನೂ ಇರಲಿಲ್ಲ. ಪ್ಲಗ್ ಕಿತ್ತು, ಮಿಕ್ಸರ್ ಮಗುಚಿದೆ. ತಳದಲ್ಲಿ ಒಂದು ಸಣ್ಣ ಕೆಂಪು ಗುಂಡಿ ಹೊರಗೆ ಬಂದಿತ್ತು. ಭಾರ ಜಾಸ್ತಿಯಾಗಿ ಮೋಟರ್ ಕಾದರೆ, ಅದು ಸುಟ್ಟುಹೋಗದಿರಲಿ ಎಂದು ತಾನೇ ಕರೆಂಟ್ ಕಡಿಯುವ ಗುಂಡಿ ಅದು. ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಆರಲು ಬಿಟ್ಟು, ಜಾರಿನಿಂದ ಅರ್ಧ ಶೇಂಗಾ ತೆಗೆದು, ಗುಂಡಿ ಒತ್ತಿ ಚಾಲೂ ಮಾಡಿದರೆ ಮಿಕ್ಸರ್ ಓಡಿತು. "ಇದು ಐತಂತ ಗೊತ್ತs ಇರಲಿಲ್ರಿ" ಅಂದಳು. ಮಿಕ್ಸರ್ ಜೊತೆ ಬಂದ ಪುಸ್ತಿಕೆಯನ್ನು ಎಲ್ಲರೂ ಡಬ್ಬಿಯಲ್ಲೇ ಬಿಟ್ಟು ಅಟ್ಟಕ್ಕೆ ಹಾಕಿದರೆ ಗೊತ್ತಾಗುವುದಾದರೂ ಹೇಗೆ? ಎಷ್ಟು ನಿಮಿಷ ಓಡಿಸಬೇಕು, ಎಷ್ಟು ನಿಮಿಷ ಬಿಡುವು ಕೊಡಬೇಕು ಎಂಬುದೂ ಅದರಲ್ಲೇ ಇರುತ್ತದೆ. ಓದಿ.

ಈಗ ಶೇಂಗಾ ಹಿಂಡಿ. ಒಳಕಲ್ಲಿನ ರುಚಿ ಮಿಕ್ಸರಿನಲ್ಲಿ ಬಂದೇ ಬರುತ್ತದೆ, ನಿಮಗೆ ತಾಳ್ಮೆ ಇದ್ದರೆ. ಶೇಂಗಾ ಹುರಿಯುವುದು ಹೇಳಿಕೊಡಬೇಕಿಲ್ಲ ಅಂದುಕೊಂಡಿದ್ದೇನೆ. ಸಣ್ಣ ಉರಿ, ಕೈ ಬಿಡದೆ. ಸಿಪ್ಪೆ ತಿಕ್ಕಿ ಮೊರದಲ್ಲಿ ಕೇರಿ. ಆಮೇಲೆ ಪರಾತದಲ್ಲಿ ಹರಡಿ ಫ್ಯಾನಿನ ಕೆಳಗಿಡಿ. ಪೂರ್ತಿ ಆರಬೇಕು. ಮುಷ್ಟಿಯಲ್ಲಿ ಹಿಡಿದಾಗ ಎಲ್ಲೂ ಬೆಚ್ಚಗೆ ಅನ್ನಿಸಬಾರದು. ಎಲ್ಲರೂ ಕೆಡಿಸುವುದು ಇಲ್ಲೇ. ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ ಇದೆ. ಕಾಳು ಬಿಸಿ, ಅದರ ಮೇಲೆ ಜಾರೂ ಬಿಸಿ ಅಂದರೆ ಎಣ್ಣೆ ಬಿಟ್ಟುಕೊಂಡು ಅಡಿಯಲ್ಲಿ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ. ಮೇಲಿನ ಕಾಳು ಮಾತ್ರ ಇಡಿಯಾಗಿಯೇ ಕುಣಿಯುತ್ತಿರುತ್ತದೆ. ನೀವು ಅದೂ ನುಣ್ಣಗಾಗಲಿ ಎಂದು ಇನ್ನೂ ಓಡಿಸುತ್ತೀರಿ.

ಮೊದಲು ಜಾರಿಗೆ ಬಳ್ಳೊಳ್ಳಿ, ಜೀರಿಗೆ, ಉಪ್ಪು. ಬಳ್ಳೊಳ್ಳಿ ಸಿಪ್ಪೆ ಸಮೇತ ಇರಲಿ, ಮೇಲಿನ ಒಣ ಪದರ ಹೋದರೆ ಸಾಕು. ಮಿಕ್ಸರಿನ ಮುಂದಿರುವ ವೇಗದ ಗುಂಡಿಯನ್ನು ಬಲಕ್ಕೆ ತಿರುಗಿಸಲೇಬೇಡಿ. ಎಡಕ್ಕೆ ಟಕ್ ಎಂದು ತಿರುಗಿಸಿ ಬಿಡಿ. ಮತ್ತೆ ಟಕ್. ಬಳ್ಳೊಳ್ಳಿ ಜಜ್ಜಿದಂತಾದರೆ ಸಾಕು. ಈಗ ಶೇಂಗಾ, ಜಾರಿನ ಅರ್ಧಕ್ಕಿಂತ ಕೆಳಗೇ ಇರಬೇಕು. ಮತ್ತೆ ಎಡಕ್ಕೆ ಎರಡು ಟಕ್. ಕಾಳು ಒಡೆದು ನುಚ್ಚಿನಷ್ಟಾಗುತ್ತದೆ. ಅದರಲ್ಲಿ ಒಂದು ಹಿಡಿ ತೆಗೆದು ಬದಿಗಿಡಿ. ಮರೆಯಬೇಡಿ, ಅದರ ಕೆಲಸ ಕೊನೆಗಿದೆ. ಆಮೇಲೆ ಖಾರಪುಡಿ, ಹುರಿದ ಕರಿಬೇವು, ಬೇಕಾದರೆ ಚೂರು ಬೆಲ್ಲ. ಖಾರ ಎಷ್ಟು ಎಂದು ನನ್ನನ್ನು ಕೇಳಬೇಡಿ, ನಿಮ್ಮ ಮನೆಯ ನಾಲಿಗೆ ನಿಮಗೆ ಗೊತ್ತು.

ಇಲ್ಲಿಂದ ಕಿವಿ ಮತ್ತು ಅಂಗೈಯ ಕೆಲಸ. ಮೂರು ನಾಲ್ಕು ಟಕ್ ಆದ ಮೇಲೆ ಜಾರು ಎತ್ತಿ, ಅಲುಗಾಡಿಸಿ, ಅಂಗೈಯಿಂದ ಬದಿಗೆ ತಟ್ಟಿ. ಮುಚ್ಚಳ ತೆಗೆದು ಚಮಚದ ಹಿಡಿಯಿಂದ ಬ್ಲೇಡಿನ ಸುತ್ತ ಕೂತದ್ದನ್ನು ಎಬ್ಬಿಸಿ. ಜಾರು ಮಿಕ್ಸರಿನ ಮೇಲಿರುವಾಗಲೇ ಚಮಚ ಹಾಕುವ ಅವಸರದವರನ್ನೂ ನೋಡಿದ್ದೇನೆ. ಬೆರಳು ಬೇಕಲ್ವಾ ನಿಮಗೆ? ಎಬ್ಬಿಸಿದ ಮೇಲೆ ಜಾರಿನ ತಳ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಹಾಗೇ ಬಿಡಿ, ಅಷ್ಟರಲ್ಲಿ ಬೇರೆ ಕೆಲಸ ನೋಡಿ. ತಣ್ಣಗಾದ ಮೇಲೆ ಮತ್ತೆ ಎಡಕ್ಕೆ. ಮೊದಮೊದಲು ಗಡಗಡ ಸದ್ದು ಇರುತ್ತದೆ. ಆಮೇಲೆ ಅದು ಇಳಿದು ಬುಸ್ ಬುಸ್ ಎಂದು ಮಂದವಾಗುತ್ತದೆ. ಪುಡಿ ಜಾರಿನ ಗೋಡೆಗೆ ಅಂಟಲು ಶುರುವಾದ ಕ್ಷಣ ನಿಲ್ಲಿಸಿಬಿಡಿ. ಆಮೇಲೆ ಇನ್ನೊಂದು ಟಕ್ ಕೊಟ್ಟರೂ ಕೆಟ್ಟಿತು.

ಪರಾತಕ್ಕೆ ಸುರಿದು, ತೆಗೆದಿಟ್ಟ ನುಚ್ಚು ಬೆರೆಸಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ಮಗುಚಿ. ಒನಕೆ ಮಾಡುತ್ತಿದ್ದ ಕೆಲಸವನ್ನು ಈಗ ನಿಮ್ಮ ಅಂಗೈ ಮಾಡುತ್ತದೆ. ಎಣ್ಣೆ ಸಣ್ಣಗೆ ಹೊರಬಂದು ಖಾರಕ್ಕೆ ಹಿಡಿಯುತ್ತದೆ, ಬಣ್ಣ ಕಣ್ಣೆದುರೇ ಗಾಢವಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಹೆಬ್ಬೆರಳಿನಿಂದ ತಟ್ಟಿದರೆ ಉದುರಬೇಕು. ಆಗ ಅದು ಹಿಂಡಿ. ಅಗಸಿಗೆ, ಗುರೆಳ್ಳಿಗೆ ಇಷ್ಟೆಲ್ಲ ಉಪಚಾರ ಬೇಡ.

ಜಾರು ಖಾಲಿಯಾಯಿತೆಂದು ಹಾಗೇ ನಲ್ಲಿಯ ಕೆಳಗೆ ಒಗೆಯಬೇಡಿ. ಒಂದು ಕಡಕ್ ರೊಟ್ಟಿ ಮುರಿದು ಹಾಕಿ ಎಡಕ್ಕೆ ಎರಡು ಸಲ ತಿರುಗಿಸಿ. ಅಂಚಿಗೆ ಅಂಟಿದ ಎಣ್ಣೆ, ಖಾರ ಎಲ್ಲ ರೊಟ್ಟಿ ಹೀರುತ್ತದೆ. ಗಟ್ಟಿ ಮೊಸರು ಹಾಕಿಕೊಂಡು ಅದನ್ನು ತಿನ್ನುವುದು ಅಡುಗೆ ಮಾಡಿದವಳ ಹಕ್ಕು, ಯಾರಿಗೂ ಕೊಡಬೇಡಿ. ಆಮೇಲೆ ಸೋಪಿನ ನೀರು ಹಾಕಿ ಒಂದು ಸಲ ತಿರುಗಿಸಿ ತೊಳೆಯಿರಿ. ಜಾರನ್ನು ರಾತ್ರಿಯಿಡೀ ಬುಡದವರೆಗೆ ನೀರಿನಲ್ಲಿ ನೆನೆಹಾಕಬೇಡಿ, ಬ್ಲೇಡಿನ ಕೆಳಗಿನ ಬುಶ್ಶಿಗೆ ನೀರು ಇಳಿದರೆ ಮುಂದಿನ ಸಲ ಕಿರ್ ಎಂದು ಅಳುತ್ತದೆ. ಕುಕ್ಕರಿನ ಗ್ಯಾಸ್ಕೆಟ್ಟಿಗೂ ಇದೇ ಮಾತು. ತೊಳೆದು, ಒರೆಸಿ, ಬಿಡಿಯಾಗಿ ತೂಗುಹಾಕಿ. ಸೀಟಿ ಕೂರುವ ತೂತನ್ನು ಬೆಳಕಿಗೆ ಹಿಡಿದು ನೋಡಿ ಮುಚ್ಚಿ.

ನೀರಿನ ಮಾತಿಗೆ ನೆನಪಾಯಿತು. ನಮ್ಮ ವಿಜಯಪುರದ ಕಡೆ ಬೋರಿನ ನೀರು ಸವಳು. ಎಲೆಕ್ಟ್ರಿಕ್ ಕೆಟಲ್ ಒಳಗೆ ಬಿಳಿ ಹೊಪ್ಪಳೆ ಕಟ್ಟಿದರೆ ಕೆಲವರು ಸ್ಟೀಲ್ ತಂತಿ ಹಾಕಿ ಉಜ್ಜುತ್ತಾರೆ. ನಮ್ಮ ಜಿಲ್ಲೆಯ ಇಂಡಿ ತಾಲ್ಲೂಕಿನ ಲಿಂಬೆಹಣ್ಣಿಗೆ ಊರಿನ ಹೆಸರಿನ ಜಿಐ ಮಾನ್ಯತೆ ಬಂತೆಂದು ಹೆಮ್ಮೆಪಟ್ಟರೆ ಸಾಲದು, ಅದನ್ನು ಬಳಸಿ. ಹಿಂಡಿದ ಸಿಪ್ಪೆ, ಮೇಲೊಂದು ಲಿಂಬೆಯ ರಸ, ನೀರು ಹಾಕಿ ಒಂದು ಕುದಿ ಬಂದ ಮೇಲೆ ಆರಿಸಿ ಮುಚ್ಚಿಡಿ. ನೀರಿನ ಸುಣ್ಣ ಹುಳಿಗೆ ಕರಗುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಹೋಯಿತು.

ಇಷ್ಟೆಲ್ಲ ಮುಗಿದರೂ ನಮ್ಮ ಮನೆಯಲ್ಲಿ ಹನ್ನೊಂದು ಗಂಟೆಯಾಗಿರುವುದಿಲ್ಲ. ಅವ್ವನಿಗೆ ಈ ಹೊತ್ತು ಎಂದೂ ಸಿಗಲಿಲ್ಲ. ನಾನು ಕೌದಿ ಹಿಡಿದು ಕೂರುತ್ತೇನೆ. ಹಳೆಯ ಇಳಕಲ್ ಸೀರೆ, ಮೊಮ್ಮಕ್ಕಳ ಲಂಗ, ಗುಳೇದಗುಡ್ಡ ಖಣದ ತುಂಡು ಎಲ್ಲ ಸೇರಿಸಿ ಹೊಲಿಯುತ್ತೇನೆ. ಕಣ್ಣು ಮಂಜಾಗಿ ಸೂಜಿಯ ಕಣ್ಣು ಕಾಣದೆ ಅದನ್ನು ಬಿಟ್ಟೇಬಿಟ್ಟಿದ್ದೆ. ಸಿದ್ಧೇಶ್ವರ ಜಾತ್ರೆಯಲ್ಲಿ ದಾರ ಪೋಣಿಸುವ ತಗಡಿನ ಚೂರು ಸಿಕ್ಕಿತು. ಉಗುರಿನಷ್ಟಗಲದ ತಗಡು, ತುದಿಗೆ ಕೂದಲಿನಂಥ ತಂತಿಯ ಕುಣಿಕೆ. ತಂತಿಯನ್ನು ಸೂಜಿಯ ಕಣ್ಣಿಗೆ ತೂರಿಸಿ, ಅದರೊಳಗೆ ದಾರ ಹಾಕಿ ಹಿಂದಕ್ಕೆಳೆದರೆ ಮುಗಿಯಿತು. ನನ್ನ ಪಾಲಿಗೆ ಫ್ರಿಜ್ಜಿಗಿಂತ ಅದೇ ದೊಡ್ಡದು. ಮೊನ್ನೆ ಮೊಮ್ಮಗಳು ಗೋಣಿಚೀಲ ಹೊಲಿಯುವ ದಪ್ಪ ದಾರ ಹಾಕಿ ಜಗ್ಗಿ ತಂತಿಯನ್ನೇ ಕಿತ್ತಿಟ್ಟಿದ್ದಾಳೆ. ಮುಂದಿನ ಜಾತ್ರೆಯಲ್ಲಿ ತಿರುಗುವ ತೊಟ್ಟಿಲು ಹತ್ತುವ ಮೊದಲು ನನಗೊಂದು ತಂದುಕೊಡಬೇಕೆಂದು ಹೇಳಿದ್ದೇನೆ.