ಸತ್ತಿದೆ ಎಂದು ಅಂಗಡಿಯವರು ಹೇಳಿದ ಡ್ರೈವ್ ನೂರಮೂವತ್ತು ಸಿ.ಡಿ. ಓದಿತು

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಡಿ.ಟಿ.ಪಿ., ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ, ಮಾಡುತ್ತಾ ಇಪ್ಪತ್ತು ವರ್ಷ ದಾಟಿತು. ಹಿಂದೆ ನಾನು ಪುಟ ಕಟ್ಟಿದ ಪುಸ್ತಕಗಳೆಲ್ಲ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದ ಫೈಲುಗಳಾಗಿ ಸುಮಾರು 140 ಸಿ.ಡಿ.ಗಳಲ್ಲಿವೆ. ಹೋದ ಮಳೆಗಾಲದಲ್ಲಿ ಪ್ರಕಾಶಕರೊಬ್ಬರು ಮರುಮುದ್ರಣಕ್ಕೆಂದು ಮೂರು ಪುಸ್ತಕ ಕೇಳಿದರು. ಆಗಲೇ ಕಂಪ್ಯೂಟರಿನ ಸಿ.ಡಿ. ಡ್ರೈವ್ ಕೈಕೊಟ್ಟಿತು. ಟ್ರೇ ತೆರೆಯುತ್ತದೆ, ಮುಚ್ಚುತ್ತದೆ, ದೀಪ ಮಿನುಗುತ್ತದೆ, ಕೊನೆಗೆ ‘ಡಿಸ್ಕ್ ಹಾಕಿ’ ಎನ್ನುತ್ತದೆ.

ಕಂಪ್ಯೂಟರ್ ಬಿಡಿಭಾಗಗಳು ಸಿಗುವ ಎಸ್.ಪಿ. ರಸ್ತೆಯ ಮೂರು ಅಂಗಡಿಗಳಲ್ಲೂ ಒಂದೇ ಮಾತು: “ಲೇಸರ್ ಹೋಗಿದೆ ಸಾರ್, ಹೊಸದು ತೆಗೆದುಕೊಳ್ಳಿ.” ಸಾವಿರದ ನೂರೋ ಇನ್ನೂರೋ ಕೊಟ್ಟು ಯು.ಎಸ್.ಬಿ.ಗೆ ಸಿಕ್ಕಿಸುವ ತೆಳು ಡ್ರೈವ್ ತಂದೆ. ಹಳೆಯ ಸಿ.ಡಿ.ಗಳಲ್ಲಿ ಮೂರಕ್ಕೊಂದು ಅದಕ್ಕೆ ಓದಲು ಬರಲಿಲ್ಲ. ಅವನ್ನೇ ನನ್ನ ದಪ್ಪ ಡ್ರೈವ್ ಹಿಂದಿನ ವರ್ಷ ಸಲೀಸಾಗಿ ಓದಿತ್ತು. ಅಲ್ಲಿಗೆ ಹಳೆಯದನ್ನೇ ಸರಿಮಾಡುವ ಹಟ ಹಿಡಿದೆ.

ಕೇಬಲ್ ಬದಲಿಸಿದ್ದಕ್ಕೆ 80 ರೂಪಾಯಿ, ಬ್ರಷ್ ಇರುವ ಕ್ಲೀನಿಂಗ್ ಸಿ.ಡಿ.ಗೆ 150, ಎರಡೂ ದಂಡ. ಡ್ರೈವ್ ಬಿಚ್ಚಿ, ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಿಂದ ಲೆನ್ಸ್ ಒರೆಸಿದೆ. ಅದು ನನ್ನ ದೊಡ್ಡ ತಪ್ಪು. ಅಂಥ ಸ್ಪಿರಿಟ್‌ನಲ್ಲಿ ಎಣ್ಣೆಯ ಅಂಶ ಇರುವುದುಂಟು. ಒಣಗಿದ ಮೇಲೆ ಲೆನ್ಸಿನ ಮೇಲೆ ತೆಳುವಾದ ಪೊರೆ ಉಳಿಯಿತು. ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್ ತಂದು ಮತ್ತೆ ಒರೆಸಿದ ಮೇಲೆ ಒಂದು ದಿನ ನಾಲ್ಕೈದು ಸಿ.ಡಿ. ಓದಿತು, ಮರುದಿನ ಮತ್ತೆ ಮೌನ.

ಆಗ ಲೆನ್ಸಿನ ಗಾಡಿಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿದೆ. ಹೊರಗಡೆಗೆ ಸಲೀಸು, ನಡುವಿನ ಮೋಟರಿನ ಹತ್ತಿರ ಬರುತ್ತಿದ್ದಂತೆ ಬಿಗಿ. ಸಿ.ಡಿ.ಯ ಓದು ಶುರುವಾಗುವುದೇ ಒಳ ಅಂಚಿನಿಂದ! ಅಲ್ಲಿಗೆ ಗಾಡಿ ತಲುಪದಿದ್ದರೆ ಲೇಸರ್ ಎಷ್ಟು ಗಟ್ಟಿಯಿದ್ದರೇನು? ಗಾಡಿ ಓಡುವ ಉಕ್ಕಿನ ಕಂಬಿಗಳ ಮೇಲಿನ ಗ್ರೀಸ್ ಹಳೆಯ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಕೂತಿತ್ತು. ಪೂರ್ತಿ ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ವಾರದೊಳಗೆ ಧೂಳು ಹಿಡಿಯಿತು. ಎರಡನೆಯ ಸಲ ಬಿಳಿ ಗ್ರೀಸ್, ಅಕ್ಕಿ ಕಾಳಿನಷ್ಟು. ಅಂದಿನಿಂದ ನಿಂತಿಲ್ಲ.

ಪಿಕಪ್, ಅಂದರೆ ಲೇಸರ್ ಮತ್ತು ಲೆನ್ಸ್ ಇರುವ ಭಾಗದ, ಮೇಲೆ ಲೇಸರಿನ ಬಲ ಹೊಂದಿಸುವ ಪುಟ್ಟ ತಿರುಗಣೆಯನ್ನೂ ಮುಟ್ಟಿದ್ದೇನೆ. ಎತ್ತ, ಎಷ್ಟು ಎಂದು ಬರೆಯುವುದಿಲ್ಲ. ಕೂದಲೆಳೆ ಹೆಚ್ಚಾದರೂ ಲೇಸರ್ ಸುಡುತ್ತದೆ. ಎದುರಿಗೆ ಬಂದು ಕೂತವರಿಗೆ ತೋರಿಸುತ್ತೇನೆ. ಓದುವ ವೇಗವನ್ನು ಮಾತ್ರ ಎಲ್ಲರೂ ಇಳಿಸಬಹುದು. 48 ಪಟ್ಟು ವೇಗದಲ್ಲಿ ತಡವರಿಸಿದ ಸಿ.ಡಿ.ಗಳು 4 ಪಟ್ಟಿನಲ್ಲಿ ಸರಾಗವಾಗಿ ಬಂದವು.

ಈ ಮಧ್ಯೆ, ಗೀರು ಬಿದ್ದ ಹತ್ತು ಸಿ.ಡಿ.ಗಳನ್ನು ಬಿಳಿ ಟೂತ್‌ಪೇಸ್ಟ್‌ನಿಂದ ಉಜ್ಜಿ ನೋಡಿದೆ, ನಡುವಿನಿಂದ ಅಂಚಿಗೆ, ನೇರ ಗೆರೆಯಲ್ಲಿ. ಆರು ಓದಿದವು. ಕೆಳಮೈಯ ಗೀರಿಗಷ್ಟೇ ಈ ಉಪಾಯ. ಮಾಹಿತಿಯ ಪದರ ಇರುವುದು ಲೇಬಲ್ ಕಡೆಗೆ, ಅಲ್ಲಿ ಗೀರಿದರೆ ಮುಗಿಯಿತು.

ಒಟ್ಟು ಖರ್ಚು, ತೆಳು ಡ್ರೈವ್ ಬಿಟ್ಟು, ಏಳುನೂರು ರೂಪಾಯಿ ಮುಟ್ಟಿರಬಹುದು. ಪ್ರಕಾಶಕರ ಮೂರೂ ಪುಸ್ತಕಗಳು ಸಿಕ್ಕವು. ಹಳೆಯ ಫಾಂಟಿನಿಂದ ಈಗಿನ ಕಂಪ್ಯೂಟರುಗಳು ಬಳಸುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ತರುವ ಕೆಲಸ ನಡೆದಿದೆ, ಒತ್ತಕ್ಷರಗಳನ್ನು ಕೂತು ತಿದ್ದುತ್ತಿದ್ದೇನೆ. 132 ಸಿ.ಡಿ.ಗಳು ಈಗ ಹಾರ್ಡ್ ಡಿಸ್ಕಿನಲ್ಲಿವೆ. ಉಳಿದ ಎಂಟರಲ್ಲಿ ಆರರ ಮೇಲ್ಪದರವೇ ಎದ್ದುಹೋಗಿದೆ. ಇನ್ನೆರಡನ್ನು ಪ್ರತಿ ಭಾನುವಾರ ಹಾಕಿ ನೋಡುತ್ತೇನೆ.