ಮ್ಯಾಗ್ನೆಟೈಟ್‌ಗೆ ನಿಕಲ್ ಮತ್ತು ಸತು ಸೇರಿದ್ದನ್ನು ನಾನು ಪರೀಕ್ಷಿಸಿದ ಬಗೆ

ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಖನಿಜ ರೂಪುಗೊಳ್ಳುವಾಗ ದ್ರಾವಣದಲ್ಲಿದ್ದ ನಿಕಲ್‌ನ ಪ್ರಮಾಣ ಇಳಿಯಿತು ಎಂದ ಮಾತ್ರಕ್ಕೆ ಅದು ಖನಿಜದ ಸ್ಫಟಿಕ ಜಾಲಕವನ್ನು, ಅಂದರೆ ಪರಮಾಣುಗಳ ಕ್ರಮಬದ್ಧ ಜೋಡಣೆಯನ್ನು, ಸೇರಿತೆಂದು ಹೇಳಲಾಗದು. ಅದು ಕಣಗಳ ಮೇಲ್ಮೈಗೆ ಅಂಟಿಕೊಂಡಿರಬಹುದು, ಇಲ್ಲವೇ ಹೈಡ್ರಾಕ್ಸೈಡ್ ಆಗಿ ಪ್ರತ್ಯೇಕವಾಗಿಯೇ ಪ್ರಕ್ಷೇಪಗೊಂಡಿರಬಹುದು. ಈ ಮೂರನ್ನು ಬೇರ್ಪಡಿಸಿ ನೋಡುವುದರಲ್ಲಿಯೇ ನನ್ನ ಹೆಚ್ಚಿನ ಶ್ರಮ ವ್ಯಯವಾಯಿತು.

ಮಾದರಿ ತಯಾರಿಕೆ ಸರಳವಾದದ್ದು. ಆಮ್ಲಜನಕವನ್ನು ಹೊರಹಾಕಿದ ನೀರಿನಲ್ಲಿ ಕಬ್ಬಿಣದ ಎರಡು ರೂಪಗಳಾದ ಫೆರಸ್ ಮತ್ತು ಫೆರಿಕ್‌ಗಳ ಕ್ಲೋರೈಡ್‌ಗಳನ್ನು 1:2 ಅನುಪಾತದಲ್ಲಿ ಕರಗಿಸಿ, ಫೆರಸ್ ಭಾಗದಲ್ಲಿ ಸ್ವಲ್ಪಾಂಶಕ್ಕೆ ಬದಲಾಗಿ ನಿಕಲ್ ಅಥವಾ ಸತುವಿನ ಲವಣವನ್ನು ಸೇರಿಸಿ, ನೈಟ್ರೋಜನ್ ಹರಿವಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿದೆ. ಕಪ್ಪು ಮ್ಯಾಗ್ನೆಟೈಟ್ ದೊರೆಯಿತು.

ಮ್ಯಾಗ್ನೆಟೈಟ್‌ನದು ಸ್ಪಿನೆಲ್ ಎಂಬ ಸ್ಫಟಿಕ ರಚನೆ. ಅದರ ಪ್ರತಿ ಏಕಕೋಶದಲ್ಲಿ, ಅಂದರೆ ಮರುಕಳಿಸುವ ಮೂಲ ಘಟಕದಲ್ಲಿ, 32 ಆಕ್ಸಿಜನ್‌ಗಳ ನಡುವೆ 8 ಚತುರ್ಮುಖಿ (ನಾಲ್ಕು ಆಕ್ಸಿಜನ್ ಸುತ್ತುವರಿದ) ಮತ್ತು 16 ಅಷ್ಟಮುಖಿ (ಆರು ಆಕ್ಸಿಜನ್ ಸುತ್ತುವರಿದ) ಸ್ಥಾನಗಳು ಲೋಹದಿಂದ ತುಂಬಿರುತ್ತವೆ. ನಿಕಲ್ ಅಷ್ಟಮುಖಿ ಸ್ಥಾನವನ್ನೂ ಸತು ಚತುರ್ಮುಖಿ ಸ್ಥಾನವನ್ನೂ ಬಯಸುತ್ತವೆ. ಕ್ಷ-ಕಿರಣ ವಿವರ್ತನೆಯಲ್ಲಿ ಏಕಕೋಶದ ಅಂಚಿನ ಉದ್ದವನ್ನು ಅಳೆದರೆ ಸಾಕಲ್ಲವೇ ಎಂದು ಯಾರಿಗಾದರೂ ತೋರಬಹುದು. ಶುದ್ಧ ಮ್ಯಾಗ್ನೆಟೈಟ್‌ನಲ್ಲಿ ಅದು ಸುಮಾರು 8.40 ಆಂಗ್‌ಸ್ಟ್ರಮ್ (ಒಂದು ಆಂಗ್‌ಸ್ಟ್ರಮ್ ಎಂದರೆ ಮೀಟರ್‌ನ ಸಾವಿರ ಕೋಟಿಯಲ್ಲೊಂದು ಭಾಗ), ಫೆರಸ್ ಕಬ್ಬಿಣದ ಬದಲು ಪೂರ್ತಿ ನಿಕಲ್ ಇರುವ ನಿಕಲ್ ಫೆರೈಟ್‌ನಲ್ಲಿ 8.34, ಸತು ಫೆರೈಟ್‌ನಲ್ಲಿ 8.44. ಆದರೆ ಗಾಳಿ ತಗುಲಿ ಮ್ಯಾಗ್ನೆಟೈಟ್ ಉತ್ಕರ್ಷಣಗೊಂಡು ಮ್ಯಾಗ್‌ಹೆಮೈಟ್ ಆದರೂ ಅದೇ ಉದ್ದ 8.35ರ ಸಮೀಪಕ್ಕೆ ಕುಗ್ಗುತ್ತದೆ. ಹಾಗಾಗಿ ಕುಗ್ಗಿದ್ದು ನಿಕಲ್‌ನಿಂದಲೋ ಗಾಳಿಯಿಂದಲೋ ಎಂಬುದನ್ನು ಈ ಅಳತೆಯೊಂದೇ ನಿರ್ಣಯಿಸಲಾರದು. ಲೇಶ ಪ್ರಮಾಣದಲ್ಲಂತೂ ನ್ಯಾನೊ ಕಣಗಳ ಅಗಲವಾದ ಶೃಂಗಗಳಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಕಾಣುವುದೇ ಇಲ್ಲ.

ಆದ್ದರಿಂದ ನಾನು ಹಂತಹಂತವಾಗಿ ಕರಗಿಸುವ ವಿಧಾನವನ್ನೇ ಮುಖ್ಯ ಆಧಾರವಾಗಿ ಇಟ್ಟುಕೊಂಡೆ. ಮೊದಲು ದುರ್ಬಲ ಆಮ್ಲದಿಂದ ಅಲ್ಪಕಾಲ ತೊಳೆದು, ಮೇಲ್ಮೈಗೆ ಅಂಟಿದ್ದ ಲೋಹವನ್ನು ಬಿಡಿಸಿದೆ. ಇದನ್ನು ದೀರ್ಘಗೊಳಿಸಬಾರದು, ದುರ್ಬಲ ಆಮ್ಲವು ಮ್ಯಾಗ್ನೆಟೈಟ್‌ನಿಂದ ಫೆರಸ್ ಕಬ್ಬಿಣವನ್ನು ಆಯ್ದು ಸೆಳೆಯುವುದರಿಂದ ಒಳಗಿನ ಲೋಹದ ಲೆಕ್ಕವೂ ಕೆಡುವ ಸಂಭವವಿದೆ. ನಂತರ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಣಗಳನ್ನು ಕರಗಿಸುತ್ತಾ, ಆಗಾಗ ತೆಗೆದ ದ್ರವದಲ್ಲಿ ಕಬ್ಬಿಣ ಮತ್ತು ಸೇರಿಸಿದ ಲೋಹ ಎರಡನ್ನೂ ಅಳೆದು, ಕರಗಿದ ಕಬ್ಬಿಣದ ಭಿನ್ನಾಂಶಕ್ಕೆ ಎದುರಾಗಿ ಕರಗಿದ ಲೋಹದ ಭಿನ್ನಾಂಶವನ್ನು ನಕ್ಷೆಯಲ್ಲಿ ಗುರುತಿಸಿದೆ. ಬಿಂದುಗಳು ಕರ್ಣದಲ್ಲೇ, ಅಂದರೆ ಎರಡೂ ಭಿನ್ನಾಂಶಗಳು ಸಮವಾಗಿರುವ ರೇಖೆಯಲ್ಲೇ, ಬಿದ್ದರೆ ಲೋಹವು ಕಣದುದ್ದಕ್ಕೂ ಸಮವಾಗಿ ಹರಡಿದೆ. ಕರ್ಣಕ್ಕಿಂತ ಮೇಲಿದ್ದರೆ ಹೊರಪದರದಲ್ಲಿ ಹೆಚ್ಚಿದೆ. ಕೆಳಗಿದ್ದರೆ ತಿರುಳಿನಲ್ಲಿ ಹೆಚ್ಚಿದೆ. ನಿಕಲ್‌ನ ಬಿಂದುಗಳು ಬಹುಮಟ್ಟಿಗೆ ಕರ್ಣವನ್ನೇ ಅನುಸರಿಸಿದವು.

ಲೋಹ ಯಾವ ಸ್ಥಾನದಲ್ಲಿದೆ ಎಂಬ ಪ್ರಶ್ನೆಗೆ ಮಾತ್ರ, ಅದರ ನೆರೆಯ ಪರಮಾಣುಗಳ ದೂರವನ್ನು ತಿಳಿಸುವ ಕ್ಷ-ಕಿರಣ ಹೀರಿಕೆ ವರ್ಣಪಟಲ ಅಗತ್ಯವಾಯಿತು. ಅಷ್ಟಮುಖಿ ಸ್ಥಾನದ ಲೋಹಕ್ಕೆ 2.97 ಆಂಗ್‌ಸ್ಟ್ರಮ್ ದೂರದಲ್ಲಿ ಕಬ್ಬಿಣದ ನೆರೆ ಕಾಣುತ್ತದೆ. ಚತುರ್ಮುಖಿಯಲ್ಲಿ ಅತಿ ಸಮೀಪದ ಕಬ್ಬಿಣವೇ ಸುಮಾರು 3.48ರಲ್ಲಿರುತ್ತದೆ. ನಿಕಲ್‌ನಲ್ಲಿ ಮೊದಲನೆಯದು ಸ್ಪಷ್ಟವಾಗಿತ್ತು, ಸತುವಿನಲ್ಲಿ ಇರಲಿಲ್ಲ.

ಹೋಲಿಕೆಗಾಗಿ ಸೀಸವನ್ನೂ ಸೇರಿಸಿ ನೋಡಿದೆ. ಅದರ ಅಯಾನಿಕ ತ್ರಿಜ್ಯ 1.19 ಆಂಗ್‌ಸ್ಟ್ರಮ್, ಫೆರಸ್ ಕಬ್ಬಿಣದ್ದು 0.78. ಅಷ್ಟು ದೊಡ್ಡ ಅಯಾನು ಜಾಲಕದಲ್ಲಿ ಹಿಡಿಯುವುದು ಕಷ್ಟ. ಹೆಚ್ಚಿನ ಸೀಸ ಮೊದಲ ದುರ್ಬಲ ಆಮ್ಲದಲ್ಲಿಯೇ ಹೊರಬಂತು, ಅಂದರೆ ಅದು ಮೇಲ್ಮೈಗಷ್ಟೇ ಅಂಟಿತ್ತು.