ಪೋರ್ಟ್‌ಫೋಲಿಯೋಗೆ ಏನು ಬಿಡಿಸಲಿ? ನಡೆದು ಹೋಗುವಷ್ಟು ದೂರದಲ್ಲೇ ಹುಡುಕಿ

ಪಿಯುಸಿ ಪರೀಕ್ಷೆ ಮುಗಿದ ಕೂಡಲೇ ಮಕ್ಕಳು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನಾನು ದಾವಣಗೆರೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತೇನೆ. ಕೆಲವರಿಗೆ ಇಲ್ಲಿನ ದೃಶ್ಯಕಲಾ ಮಹಾವಿದ್ಯಾಲಯಕ್ಕೇ ಸೇರುವ ಆಸೆ. ಕೆಲವರಿಗೆ ಮೈಸೂರಿನ ಕಲಾ ಕಾಲೇಜು ಕಾವಾ, ಇನ್ನು ಕೆಲವರಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು. ಬರೋಡಾ, ಶಾಂತಿನಿಕೇತನ ಅನ್ನುವವರೂ ಇದ್ದಾರೆ. ಪೋರ್ಟ್‌ಫೋಲಿಯೋ ಅಂದರೆ ಸೇರುವಾಗ ಸಂದರ್ಶನದಲ್ಲಿ ತೋರಿಸುವ ನಿಮ್ಮ ಚಿತ್ರಗಳ ಫೈಲು. ಯಾವ ಕಾಲೇಜಾದರೂ ಅದರ ಬಗ್ಗೆ ಮೊದಲ ಪ್ರಶ್ನೆ ಮಾತ್ರ ಅದೇ: "ಸರ್, ಏನು ಬಿಡಿಸಲಿ?"

ನಾನು ತಿರುಗಿ ಕೇಳುತ್ತೇನೆ: ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಏನೇನಿದೆ, ಬರೆದುಕೊಂಡು ಬನ್ನಿ. ದೇವಸ್ಥಾನ, ಪಾರ್ಕು ಅಂತ ಬರೆದರೆ ಸಾಲದು. ಸೈಕಲ್ ಪಂಚರ್ ಅಂಗಡಿ, ಹಿಟ್ಟಿನ ಗಿರಣಿ, ಇಸ್ತ್ರಿ ಗಾಡಿ, ಬ್ಯಾಂಡ್ ಸೆಟ್ಟಿನವರ ಕೋಣೆ, ಹಳೇ ಪೇಪರ್ ಅಂಗಡಿ, ನಿಂತುಹೋದ ಹತ್ತಿ ಮಿಲ್ಲಿನ ಗೋಡೆ. ಹೀಗೆ ಬರೆಯಬೇಕು. ಪಟ್ಟಿ ಉದ್ದವಾಗಲಿ. ಆಮೇಲೆ ಒಂದೊಂದಕ್ಕೂ ಒಂದೇ ಪರೀಕ್ಷೆ: ಇಲ್ಲಿಗೆ ನಾನು ಮತ್ತೆ ಮತ್ತೆ ಹೋಗಬಹುದೇ? ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆ ಬಂದಾಗ ಒಮ್ಮೆ? ಹೋಗಲು ಆಗದ ಜಾಗ ಎಷ್ಟೇ ಚೆನ್ನಾಗಿದ್ದರೂ ಹೊಡೆದುಹಾಕಿ. ಹಂಪಿ ಬಹಳ ಚೆಂದ. ಆದರೆ ಒಂದು ದಿನದ ಟೂರಿನಲ್ಲಿ ಫೋನಲ್ಲಿ ಹಿಡಿದುಕೊಂಡು ಬಂದ ಕಲ್ಲಿನ ರಥ ನಿಮ್ಮ ವಿಷಯ ಆಗುವುದಿಲ್ಲ. ಹೊಸಪೇಟೆಯ ಹುಡುಗಿಗೆ ಆಗಬಹುದು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಮಕ್ಕಳು ತರುವ ಫೈಲುಗಳಲ್ಲಿ ಮುಕ್ಕಾಲು ಪಾಲು ಫೋಟೋ ನೋಡಿ ಬಿಡಿಸಿದ್ದೇ ಇರುತ್ತದೆ. ಬುದ್ಧನ ಮುಖ, ಕಣ್ಣೀರು ತುಂಬಿದ ಒಂದು ಕಣ್ಣು, ಕೊಳಲು ಹಿಡಿದ ಕೃಷ್ಣ, ಸೂರ್ಯಾಸ್ತದ ಎದುರು ಒಂಟಿ ಮರ. ಶೇಡಿಂಗ್ ಸೊಗಸಾಗಿರುತ್ತದೆ. ಕೈಗೆ ಅಭ್ಯಾಸ ಇದೆ ಅಂತ ಗೊತ್ತಾಗುತ್ತದೆ. ಆದರೆ ಬೆಳಕು ಯಾವ ಕಡೆಯಿಂದ ಬರಬೇಕು, ಎಷ್ಟು ಹತ್ತಿರ ಕೂರಬೇಕು, ಯಾವುದನ್ನು ಬಿಡಬೇಕು, ಇವನ್ನೆಲ್ಲ ಆ ಫೋಟೋ ತೆಗೆದವರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಸಂದರ್ಶನಕ್ಕೆ ಕೂತ ಮೇಷ್ಟ್ರಿಗೆ ನೋಡಬೇಕಾಗಿರುವುದು ಆ ತೀರ್ಮಾನಗಳನ್ನೇ. ನಾಲ್ಕು ವರ್ಷದ ದೃಶ್ಯಕಲಾ ಪದವಿ ಬಿವಿಎಗೆ ಒಬ್ಬರನ್ನು ಸೇರಿಸಿಕೊಳ್ಳುವಾಗ ಈ ಹುಡುಗಿ ತಾನಾಗಿ ನೋಡುತ್ತಾಳಾ ಅನ್ನುವುದು ಮುಖ್ಯ. ಕೈ ಪಳಗಿಸುವುದನ್ನು ಅವರು ಹೇಗೂ ಕಲಿಸುತ್ತಾರೆ.

ಅಪ್ಪು ಅವರ ಭಾವಚಿತ್ರದ ಬಗ್ಗೆ ಬೇರೆಯೇ ಹೇಳಬೇಕು. 2021ರ ನಂತರ ಪುನೀತ್ ರಾಜ್‌ಕುಮಾರ್ ಅವರ ಪೆನ್ಸಿಲ್ ಚಿತ್ರ ಇಲ್ಲದ ಫೈಲು ನೋಡಿದ್ದೇ ಕಡಿಮೆ. ಆ ಪ್ರೀತಿ ನಿಜವಾದದ್ದು, ಅದನ್ನು ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬದಲಿಗೆ, ಆ ಪ್ರೀತಿ ನಿಮ್ಮ ಓಣಿಯಲ್ಲಿ ಹೇಗೆ ಕಾಣುತ್ತದೆ ನೋಡಿ ಅನ್ನುತ್ತೇನೆ. ಆಟೋ ಹಿಂದಿನ ಸ್ಟಿಕ್ಕರು ಬಿಸಿಲಿಗೆ ಮಾಸಿ ನೀಲಿಯಾಗಿರುತ್ತದೆ. ಕ್ಷೌರದಂಗಡಿಯ ಕನ್ನಡಿ ಮೇಲೆ ಅವರ ಫೋಟೋ, ಪಕ್ಕದಲ್ಲೇ ಅಂಗಡಿಯವರ ತಂದೆಯ ಫೋಟೋ, ಎರಡಕ್ಕೂ ಒಂದೇ ಬಗೆಯ ಹಾರ. ಬೋರ್ಡ್ ಬರೆಯುವವರು ಗೋಡೆಗೆ ಚೌಕಾಕಾರದ ಗೆರೆ ಎಳೆದು ಮುಖ ದೊಡ್ಡದು ಮಾಡುತ್ತಿರುತ್ತಾರೆ. ಇದೆಲ್ಲ ಗೂಗಲ್‌ನಲ್ಲಿ ಸಿಗುವುದಿಲ್ಲ. ಒಬ್ಬ ಹುಡುಗ ಒಂದು ಆಟೋ ಸ್ಟ್ಯಾಂಡಿನಲ್ಲಿ ದಿನಾ ಕೂತು ಬರೀ ಆಟೋಗಳ ಬೆನ್ನನ್ನೇ ಬಿಡಿಸಿದ. ಅಪ್ಪು, ಶಂಕರ್‌ನಾಗ್, ಮಕ್ಕಳ ಹೆಸರು, ಮನೆದೇವರ ಹೆಸರು. ಅವನ ಫೈಲನ್ನು ನೋಡಿದವರು ಬೇಗ ಕೆಳಗಿಡಲಿಲ್ಲ.

ಈಗ ಒಂದು ವಿಷಯವನ್ನು ಹೇಗೆ ಬೆಳೆಸಬೇಕು ಅಂತ ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ: ಮಂಡಕ್ಕಿ ಭಟ್ಟಿ. ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುವುದಾದರೆ, ತಗಡಿನ ಮಾಡಿನ ಕಪ್ಪು ಶೆಡ್ಡು, ಒಳಗೆ ಒಲೆ, ಒಲೆ ಮೇಲೆ ಬಾಣಲೆ, ಬಾಣಲೆಯಲ್ಲಿ ಕಾದ ಮರಳು. ಹದ ಮಾಡಿದ ಅಕ್ಕಿಯನ್ನು ಅದಕ್ಕೆ ಹಾಕಿ ಕೈಯಾಡಿಸಿದರೆ ಕ್ಷಣದಲ್ಲಿ ಅರಳುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಗೋಡೆಯೆಲ್ಲ ಮಸಿ, ನೆಲದ ಮೇಲೆ ಬೆಳ್ಳಗಿನ ರಾಶಿ. ಚಿತ್ರ ಬಿಡಿಸುವವರಿಗೆ ಇಷ್ಟು ಗಾಢ ಕಪ್ಪು, ಇಷ್ಟು ಹಗುರ ಬಿಳಿ ಒಂದೇ ಕೋಣೆಯಲ್ಲಿ ಇನ್ನೆಲ್ಲಿ ಸಿಗುತ್ತದೆ?

ಒಬ್ಬ ಹುಡುಗಿಯ ಮನೆ ಭಟ್ಟಿಗಳ ಹತ್ತಿರವೇ ಇತ್ತು. ದಿನಾ ನೋಡುವ ಜಾಗ ಆದ್ದರಿಂದ ಅದು ವಿಷಯ ಅಂತ ಅವಳಿಗೆ ಅನ್ನಿಸಿರಲಿಲ್ಲ. ಬಹಳ ಮಕ್ಕಳಿಗೆ ಹೀಗೇ ಆಗುತ್ತದೆ. ಮೊದಲ ದಿನ ಪುಸ್ತಕ ತೆರೆಯಬೇಡ ಅಂದೆ. ಒಂದು ಸೇರು ಮಂಡಕ್ಕಿ ಕೊಂಡುಕೋ, ಯಾರ ಮಗಳು ಅಂತ ಹೇಳು, ಚಿತ್ರ ಬಿಡಿಸಬಹುದಾ ಚಾಚಾ ಅಂತ ಕೇಳು. ಅವರು ಎಲ್ಲಿ ಕೂರು ಅಂತಾರೋ ಅಲ್ಲೇ ಕೂರು, ಕೆಲಸಕ್ಕೆ ಅಡ್ಡ ಬರಬೇಡ. ಎರಡನೇ ದಿನ ಮುಖ ಬಿಡಿಸದೆ ಬರೀ ಸಾಮಾನು ಬಿಡಿಸಿದಳು: ಜರಡಿ, ಸೇರು, ಗೋಣಿಚೀಲ, ಉದ್ದ ಹಿಡಿಯ ಸಲಿಕೆ. ಇದರಿಂದ ಎರಡು ಅನುಕೂಲ. ಕೆಲಸ ಮಾಡುವವರಿಗೆ ಮುಜುಗರ ಆಗುವುದಿಲ್ಲ, ನಿಮಗೆ ಆ ಸಾಮಾನಿನ ಉಪಯೋಗ ತಿಳಿಯುತ್ತದೆ. ಉಪಯೋಗ ತಿಳಿದ ಮೇಲೆ ಅದನ್ನು ಹಿಡಿದ ಕೈ ಬಿಡಿಸುವುದು ಸುಲಭ.

ಸಾಮಗ್ರಿಯೂ ವಿಷಯದಿಂದಲೇ ಹುಟ್ಟಿತು. ಬಿಳಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಆ ಕತ್ತಲೆ ಬರಲಿಲ್ಲ, ಎಲ್ಲ ಬೂದು ಬೂದು. ಖಾಕಿ ಕಾಗದಕ್ಕೆ ಬಂದಳು. ಕಪ್ಪಿಗೆ ಇದ್ದಿಲು, ಬಿಳಿಗೆ ಕಾಂಟೆ ಅನ್ನುವ ಬಿಳಿ ಬಣ್ಣದ ಕಡ್ಡಿ, ನಡುವಿನ ಬಣ್ಣಕ್ಕೆ ಕಾಗದವೇ ಇದೆ. ಒಲೆ ಬೆಳಕು ಕೆಳಗಿನಿಂದ ಬರುತ್ತದಲ್ವಾ, ಮುಖದ ನೆರಳು ನಾವು ರೂಢಿಯಲ್ಲಿ ಬಿಡಿಸುವುದಕ್ಕೆ ತಿರುಗುಮುರುಗು. ಅದನ್ನು ಯಾವ ಪುಸ್ತಕವೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಅಲ್ಲಿ ಕೂತಿದ್ದಕ್ಕೆ ಗೊತ್ತಾಯಿತು.

ಕಾಲೇಜಿನವರು ಕೇಳುವ ಬೇರೆ ಬೇರೆ ಬಗೆಯ ಕೆಲಸಗಳೂ ಇದರಲ್ಲೇ ಸಿಕ್ಕಿದವು. ವಸ್ತುಚಿತ್ರಕ್ಕೆ ಜರಡಿ ಮತ್ತು ಚೀಲ. ಮನುಷ್ಯಾಕೃತಿಗೆ ಬಗ್ಗಿದ, ಎತ್ತಿದ, ದಣಿದು ಕೂತ ಮೈಗಳು. ಪರ್ಸ್ಪೆಕ್ಟಿವ್‌ಗೆ, ಅಂದರೆ ದೂರ ಹೋದಂತೆ ಚಿಕ್ಕದಾಗಿ ಕಾಣುವುದನ್ನು ಬಿಡಿಸಲು, ಸಾಲು ಶೆಡ್ಡುಗಳು, ತಗಡಿನ ಅಂಚು. ಬಣ್ಣಕ್ಕೆ ಸಂಜೆ ತಳ್ಳುಗಾಡಿಯಲ್ಲಿ ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ ಬಜ್ಜಿ ಜೊತೆ ಬರುವ ಖಾರ ಮಂಡಕ್ಕಿ. ಕಾಂಪೊಸಿಷನ್‌ಗೆ ಇದೆಲ್ಲ ಸೇರಿದ ಒಂದು ದೊಡ್ಡ ಹಾಳೆ. ವಿಷಯ ಸರಿಯಾಗಿ ಸಿಕ್ಕರೆ ಫೈಲು ಚದುರುವುದಿಲ್ಲ. ಹತ್ತು ಹಾಳೆ, ಹತ್ತು ದಿಕ್ಕು ಅನ್ನುವಂತಾಗುವುದಿಲ್ಲ.

ಕೆಲಸವನ್ನು ಒಳಗಿನಿಂದ ತಿಳಿಯುವ ಮಾತು ಬಂದಾಗ ನಾನು ಕೆ.ಕೆ. ಹೆಬ್ಬಾರರ ಗೆರೆಚಿತ್ರಗಳನ್ನು ತೋರಿಸುತ್ತೇನೆ. ಉಡುಪಿ ಹತ್ತಿರದ ಕಟ್ಟಿಂಗೇರಿಯವರು. ಕೈ ಎತ್ತದೆ ಎಳೆದಂತಿರುವ ನಾಲ್ಕೇ ಗೆರೆಯಲ್ಲಿ ನರ್ತಕಿ ಎದ್ದು ಬರುತ್ತಾಳೆ. ಅವರು ಲಯ ಏನು ಅಂತ ತಿಳಿಯಲು ತಾವೇ ಕಥಕ್ ಕಲಿತಿದ್ದರು. ನೀವು ಅಷ್ಟು ದೂರ ಹೋಗದಿದ್ದರೂ, ಕೇಳಿದರೆ ಒಂದು ಸಲ ಜರಡಿ ಆಡಿಸಲು ಬಿಡುತ್ತಾರೆ. ಆಡಿಸಿ ನೋಡಿ. ಭಾರ ಯಾವ ಭುಜಕ್ಕೆ ಬೀಳುತ್ತದೆ ಅಂತ ಮೈಗೆ ಗೊತ್ತಾದ ಮೇಲೆ ಗೆರೆ ಬದಲಾಗುತ್ತದೆ.

ಅಂಗಡಿ, ಕಸುಬು ಇವೆಲ್ಲ ಕಲೆಯ ವಿಷಯವಾ ಅಂತ ಮನೆಯವರು ಕೇಳುತ್ತಾರೆ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ನಂದಲಾಲ್ ಬೋಸ್ ಬಿಡಿಸಿದ್ದು ಡೋಲು ಬಾರಿಸುವವರು, ದರ್ಜಿ, ಹಳ್ಳಿಯ ಕುಶಲಕರ್ಮಿಗಳು, ಮನೆಗೆಲಸದಲ್ಲಿರುವ ಹೆಂಗಸರನ್ನು. ಬರೋಡಾದಲ್ಲಿದ್ದ ಭೂಪೇನ್ ಖಖ್ಖರ್ ಅಕೌಂಟೆಂಟ್ ಕೆಲಸ ಮಾಡುತ್ತಲೇ 1970ರ ದಶಕದಲ್ಲಿ ಗಡಿಯಾರ ರಿಪೇರಿ ಅಂಗಡಿ, ಕ್ಷೌರದಂಗಡಿಗಳನ್ನು ದೊಡ್ಡ ಕ್ಯಾನ್ವಾಸಿಗೆ ತಂದರು. ನಮ್ಮ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು, ರಸ್ತೆಗಳನ್ನು ವರ್ಷಾನುಗಟ್ಟಲೆ ಬಿಡಿಸಿದರು. ಅಪ್ಪ ಅಮ್ಮನಿಗೆ ಈ ಚಿತ್ರಗಳನ್ನು ಫೋನಲ್ಲಿ ತೆಗೆದು ತೋರಿಸಿ. ವಾದ ಮಾಡುವುದಕ್ಕಿಂತ ಅದು ಒಳ್ಳೆಯದು.

ಹೊರಗೆ ಹೋಗಿ ಕೂರಲು ಎಲ್ಲರಿಗೂ ಆಗುವುದಿಲ್ಲ. ಹೆಣ್ಣುಮಕ್ಕಳನ್ನು ಒಬ್ಬರೇ ಕಳಿಸಲು ಮನೆಯವರು ಹಿಂಜರಿಯುವುದುಂಟು. ಅಂಥವರಿಗೆ ಮನೆಯೊಳಗೇ ವಿಷಯ ಇದೆ, ಅದು ಕಡಿಮೆ ದರ್ಜೆಯದಲ್ಲ. ಹರಪನಹಳ್ಳಿ ಕಡೆಯ ಒಬ್ಬ ಹುಡುಗಿ ಅಜ್ಜಿಯ ಕೌದಿಯನ್ನು ಆರಿಸಿಕೊಂಡಳು. ಬರೀ ಕೌದಿ ಬಿಡಿಸಿದ್ದರೆ ಚೌಕಗಳ ಡಿಸೈನ್ ಆಗುತ್ತಿತ್ತು. ಅವಳು ಅಜ್ಜಿಯನ್ನು ಕೂರಿಸಿಕೊಂಡು ಯಾವ ತುಂಡು ಯಾರ ಸೀರೆ ಅಂತ ಕೇಳಿದಳು. ಈ ಹಸಿರು ದೊಡ್ಡಮ್ಮನ ಮದುವೆಯದು, ಈ ಗೆರೆಯದು ತಾತನ ಅಂಗಿ. ಆಮೇಲೆ ಆ ಸೀರೆ ಉಟ್ಟವರನ್ನು ಹಳೇ ಫೋಟೋದಿಂದ, ನೆನಪಿನಿಂದ ಸಣ್ಣ ಸಣ್ಣದಾಗಿ ಬಿಡಿಸಿ ಅದೇ ಜಾಗದಲ್ಲಿ ಕೂರಿಸಿದಳು. ಫೋಟೋ ನೋಡಿ ಬಿಡಿಸಿದ್ದೇ ಆದರೂ ಇಲ್ಲಿ ಅದಕ್ಕೆ ಕಾರಣ ಇದೆ.

ಚನ್ನಗಿರಿ ಕಡೆ ಅಡಿಕೆ ಬೆಳೆಯುವ ಮನೆಯವರಾದರೆ ಇನ್ನೊಂದು ದಾರಿ ಇದೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಒಳ್ಳೆಯ ಕೆಂಪು ಕಂದು ಬಣ್ಣ ಕೊಡುತ್ತದೆ. ಕೊಟ್ಟಿಗೆಯಲ್ಲಿ ಅಡಿಕೆ ಸುಲಿಯುವವರನ್ನು ಆ ಚೊಗರಿನಲ್ಲೇ ಬಿಡಿಸಬಹುದು. ತೆಳು ಮಾಡಿ ಒಂದು ಪದರ, ಒಣಗಿದ ಮೇಲೆ ಇನ್ನೊಂದು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು 1990ರ ದಶಕದಲ್ಲಿ ಸಗಣಿ ಬಳಸಿ ಕೃತಿ ಮಾಡಿದರು, ಸೂಜಿಗೆ ಪೋಣಿಸಿದ ದಾರಕ್ಕೆ ಕುಂಕುಮ ಬಳಿದು ದೊಡ್ಡ ಕೃತಿ ಕಟ್ಟಿದರು. ಸಾಮಗ್ರಿಯೇ ಮಾತಾಡುವ ಕೆಲಸ ಅದು. ಆದರೆ ಸುಮ್ನೆ ಹೊಸದಾಗಿ ಕಾಣಲಿ ಅಂತ ಕಾಫಿ ಪುಡಿಯಲ್ಲೋ ಅರಿಶಿನದಲ್ಲೋ ಬುದ್ಧನನ್ನು ಬಿಡಿಸಬೇಡಿ. ಆ ವಸ್ತುವಿಗೂ ಚಿತ್ರಕ್ಕೂ ಸಂಬಂಧ ಏನು ಅಂತ ಕೇಳಿಯೇ ಕೇಳುತ್ತಾರೆ.

ಒಂದು ಬಗೆಯ ವಿಷಯಕ್ಕೆ ನಾನು ಒಪ್ಪುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಭಿಕ್ಷೆ ಬೇಡುವ ಮುದುಕರು, ಸುಕ್ಕುಗಟ್ಟಿದ ಮುಖ, ಹರಿದ ಬಟ್ಟೆಯ ಮಗು. ದೂರದಿಂದ ಫೋಟೋ ತೆಗೆದುಕೊಂಡು ಬಂದು ಸುಕ್ಕನ್ನೆಲ್ಲ ಒಂದೂ ಬಿಡದೆ ಬಿಡಿಸುತ್ತಾರೆ. ಅವರ ಹೆಸರು ಏನು, ಯಾವ ಊರು ಅಂದರೆ ಗೊತ್ತಿಲ್ಲ. ಮಾತಾಡಿಸಿ, ಪಕ್ಕದಲ್ಲಿ ಕೂತು, ಒಪ್ಪಿಗೆ ಕೇಳಿ ಬಿಡಿಸಿದರೆ ಅದು ಬೇರೆ. ಬಿಡಿಸಿದ್ದನ್ನು ಅವರಿಗೆ ತೋರಿಸಿ. ಆಗದಿದ್ದರೆ ಬಿಟ್ಟುಬಿಡಿ. ಇನ್ನೊಬ್ಬರ ಕಷ್ಟ ನಿಮ್ಮ ಸೀಟಿಗೆ ಸಾಮಗ್ರಿ ಆಗಬಾರದು.

ಪರಿಸರ, ಹೆಣ್ಣಿನ ಶೋಷಣೆ, ಮೊಬೈಲ್ ಚಟ ಇಂಥ ದೊಡ್ಡ ಹೆಸರಿನ ವಿಷಯ ಇಟ್ಟುಕೊಂಡು ಬರುವವರಿಗೆ ಒಂದೇ ಮಾತು: ಚಿಕ್ಕದು ಮಾಡಿ. ಪರಿಸರ ಅಂದರೆ ಭೂಮಿಗೆ ಎರಡು ಕೈ ಹಿಡಿದ ಚಿತ್ರ ಅಲ್ಲ. ನಿಮ್ಮ ಬಡಾವಣೆಯ ಬತ್ತಿದ ಬೋರ್‌ವೆಲ್, ಅದರ ಕೈಪಂಪಿಗೆ ಈಗ ಯಾರು ಎಮ್ಮೆ ಕಟ್ಟುತ್ತಾರೆ, ನೀರಿನ ಟ್ಯಾಂಕರ್ ಬಂದಾಗ ಸಾಲಿನಲ್ಲಿ ಇಟ್ಟ ಕೊಡಗಳ ಬಣ್ಣ. ಸಂತೆ ಅನ್ನುವುದೂ ದೊಡ್ಡದೇ. ಸಂತೆಯಲ್ಲಿ ಬರೀ ತಕ್ಕಡಿ ಹಿಡಿದ ಕೈಗಳನ್ನು ಬಿಡಿಸಿ ಬನ್ನಿ ಅಂದರೆ ಮಕ್ಕಳು ಬೇಗ ದಾರಿಗೆ ಬರುತ್ತಾರೆ.

ಎರಡು ತಿಂಗಳು ಕೈಯಲ್ಲಿದ್ದರೆ ಎರಡು ವಿಷಯ ಸಾಕು. ಒಂದು ಹೊರಗಿನದು, ಒಂದು ಮನೆಯದು ಇದ್ದರೆ ಚೆನ್ನ. ನಾಲ್ಕೈದು ಸಲ ಹೋದ ಮೇಲೂ ಹೊಸದೇನೂ ಕಾಣುತ್ತಿಲ್ಲ, ಪೆನ್ಸಿಲ್ ಹಿಡಿಯಲು ಬೇಜಾರು ಅನ್ನಿಸಿದರೆ ಬದಲಾಯಿಸಿ. ಆದರೆ ಮೊದಲ ಸಲವೇ ಬೇಜಾರಾಯಿತು ಅಂತ ಬಿಡಬೇಡಿ. ಮೊದಲ ಸಲ ಎಲ್ಲ ಜಾಗವೂ ಗೊಂದಲವಾಗಿಯೇ ಕಾಣುತ್ತದೆ.

ಪ್ರತಿ ಕಾಲೇಜಿನ ನಿಯಮ ಬೇರೆ. ಎಷ್ಟು ಕೃತಿ, ಯಾವ ಅಳತೆ, ಸ್ಥಳದಲ್ಲೇ ಚಿತ್ರ ಪರೀಕ್ಷೆ ಇದೆಯಾ ಅನ್ನುವುದನ್ನು ಆ ವರ್ಷದ ಪ್ರಕಟಣೆ ಓದಿಯೇ ತಿಳಿದುಕೊಳ್ಳಿ. ಫೈಲು ಜೋಡಿಸುವಾಗ ಸ್ಕೆಚ್ ಬುಕ್ಕನ್ನೂ ಜೊತೆಗೆ ಒಯ್ಯಿರಿ. ಹಾಳೆ ಹರಿಯಬೇಡಿ, ಅರ್ಧಕ್ಕೆ ನಿಂತದ್ದನ್ನು ಅಳಿಸಬೇಡಿ. ಪ್ರತಿ ಪುಟದ ಕೆಳಗೆ ತಾರೀಕು, ಜಾಗ, ಹೊತ್ತು ಬರೆಯಿರಿ. "ಈ ಚೀಲ ಯಾಕೆ ಇಷ್ಟು ದೊಡ್ಡದು?" ಅಂತ ಕೇಳಿದರೆ, ಮಂಡಕ್ಕಿ ಹಗುರ, ಅದಕ್ಕೇ ಆಳಿಗಿಂತ ದೊಡ್ಡ ಚೀಲವನ್ನೂ ಒಬ್ಬರೇ ಹೊರುತ್ತಾರೆ ಅಂತ ನಿಮ್ಮ ಮಾತಿನಲ್ಲೇ ಹೇಳಿ. ಕನ್ನಡದಲ್ಲೇ ಹೇಳಿದರೂ ಆಗುತ್ತದೆ, ನಮ್ಮ ರಾಜ್ಯದ ಕಾಲೇಜುಗಳಲ್ಲಿ ಅದಕ್ಕೆ ಹೆದರಬೇಕಾಗಿಲ್ಲ.